ಅಂಚಿನ ಬ್ಲಾಕು

ಜನವರಿ 8, ಪಟ್ಟಂ

ಹೊಸ ವರ್ಷ ಬಂದು ಎಂಟು ದಿನ ಆಯ್ತು, ಡೈರಿ ತೆಗೆಯೋಕೆ ಇವತ್ತು ಪುರುಸೊತ್ತಾಯ್ತು. ಅದೂ ಕೌಸಲ್ಯಾ ಮೇಡಂ ಮೇಲೆ ಸಿಟ್ಟು ಬಂದಿದ್ದಕ್ಕೆ. ಈ ತಿರುವನಂತಪುರದಲ್ಲಿ ಕನ್ನಡದಲ್ಲಿ ಬೈದರೆ ಕೇಳಿಸ್ಕೊಳ್ಳೋರು ಯಾರಿದ್ದಾರೆ? ಇಲ್ಲೇ ಬರೀತೀನಿ.

ಮೇಡಂ ನನ್ನ ಗೈಡು. ಲ್ಯಾಬ್ ಮೀಟಿಂಗಿನಲ್ಲಿ ಎಲ್ಲರೆದುರು ಹೇಳಿದರು: "ತುಂಗಾ, ಐದೂವರೆ ವರ್ಷ ಆಯ್ತು. ಆಗಸ್ಟ್ ಮೂವತ್ತೊಂದರ ಮೇಲೆ ಒಂದು ದಿನವೂ ಸಿಗಲ್ಲ. ಪೇಪರ್ ಇಲ್ಲದಿದ್ದರೆ ಥೀಸಿಸ್ ಇಲ್ಲ. ಥೀಸಿಸ್ ಇಲ್ಲದಿದ್ದರೆ ಮೈಸೂರಿಗೆ ಬಸ್ ಇದೆ." ಎಲ್ಲರೂ ನಕ್ಕರು. ನಾನೂ ನಕ್ಕೆ. ನಗದೆ ಏನು ಮಾಡಲಿ, ಅಳೋಕಾಗುತ್ತಾ?

ಅಮ್ಮ ಫೋನಿನಲ್ಲಿ ಇವತ್ತೂ ಅದೇ ಕೇಳಿದಳು, "ನೀನು ಅಲ್ಲಿ ಮಾಡೋದಾದ್ರೂ ಏನೇ?" ಅಂತ. ನೂರಾ ಹನ್ನೆರಡು ಹೆಂಗಸರು ಕಣಮ್ಮ. ನಾಲ್ಕೈದು ವರ್ಷದ ಹಿಂದೆ ಕೊಚ್ಚಿಯ ಒಂದು ಆಸ್ಪತ್ರೆಯಲ್ಲಿ ಸ್ತನದ ಕ್ಯಾನ್ಸರಿಗೆ ಆಪರೇಷನ್ ಮಾಡಿಸ್ಕೊಂಡೋರು. ಅವರಿಂದ ತೆಗೆದ ಗೆಡ್ಡೆಯ ಚೂರು ಮೇಣದ ಬಿಲ್ಲೆಯೊಳಗೆ ಕೂತು ನಮ್ಮ ಲ್ಯಾಬಿನ ಡಬ್ಬಿಯಲ್ಲಿದೆ. ಎಲ್ಲರೂ ಕ್ಯಾನ್ಸರ್ ಜೀವಕೋಶ ನೋಡ್ತಾರೆ, ನಾನು ನೋಡೋದು ಅದರ ಸುತ್ತ ಇರೋ ಜಾಲರಿಯನ್ನ. ಕೊಲ್ಯಾಜನ್, ಫೈಬ್ರೊನೆಕ್ಟಿನ್, ಟೆನಾಸಿನ್ ಅಂತ ಪ್ರೋಟೀನುಗಳು ಹೆಣೆದುಕೊಂಡಿರೋ ಜಾಲರಿ. ಅದಕ್ಕೆ ಮ್ಯಾಟ್ರಿಕ್ಸ್ ಅಂತೀವಿ. ಒಳ್ಳೆಯ ಮೈಯಲ್ಲಿ ಅದು ಕೋಶಗಳನ್ನ ಅವುಗಳ ಜಾಗದಲ್ಲಿ ಹಿಡಿದಿಡುತ್ತೆ. ಗೆಡ್ಡೆ ಬಂದಾಗ ಅದೇ ಬಿಗಿದು, ಒರಟಾಗಿ, ಕೋಶಗಳಿಗೆ ಹೊರಗೆ ಹೋಗೋ ದಾರಿ ಮಾಡಿಕೊಡುತ್ತೆ. ಟೆನಾಸಿನ್ ಇದ್ದ ಕಡೆ ಕಂದು ಬರೋ ಹಾಗೆ ಬಣ್ಣ ಹಾಕಿ, ಸೊನ್ನೆಯಿಂದ ಮೂರರವರೆಗೆ ಅಂಕ ಕೊಡ್ತೀನಿ. ಕಂದು ಜಾಸ್ತಿ ಇದ್ದವರಿಗೆ ಕ್ಯಾನ್ಸರ್ ತಿರುಗಿ ಬರುತ್ತೆ, ಕಮ್ಮಿ ಇದ್ದವರಿಗೆ ಬರಲ್ಲ. ಇಷ್ಟು ತೋರಿಸಿದರೆ ನಾನು ಡಾಕ್ಟರ್ ತುಂಗಾ.

ಇನ್ನೊಂದು ಕೆಲಸದಲ್ಲೂ ಒಂದು ಪಾಲು ನನ್ನ ತಲೆಗೇ ಬಂದಿದೆ. ಮೂರು ತಿಂಗಳಿಗೊಮ್ಮೆ ಅಷ್ಟೂ ಜನಕ್ಕೆ ಫೋನ್ ಮಾಡಿ ಹೇಗಿದ್ದೀರಿ ಅಂತ ಕೇಳಿ ಫಾರಂ ತುಂಬಬೇಕು. ಅಂಕ ಹಾಕುವವರು ರೋಗಿ ಹತ್ರ ಮಾತಾಡಬಾರದು ಅಂತ ನಿಯಮ, ಅದಕ್ಕೆ ಫೋನ್ ಬೇರೆಯವರು ಮಾಡ್ತಾರೆ. ಆದರೆ ಕಾಸರಗೋಡು ಕಡೆಯ ಒಂಬತ್ತು ಜನಕ್ಕೆ ಕನ್ನಡವೇ ಆಗಬೇಕು, ಲ್ಯಾಬಿನಲ್ಲಿ ಕನ್ನಡ ಬರೋದು ನನಗೊಬ್ಬಳಿಗೆ. "ಒಂಬತ್ತೇ ತಾನೇ, ಪರವಾಗಿಲ್ಲ" ಅಂದರು ಮೇಡಂ.

ಜನವರಿ 11

ಅಲ್ವಿನ್ ಜೊತೆ ಜಗಳ. ಅವನು ನಮ್ಮ ಟೆಕ್ನೀಷಿಯನ್, ಕೊಚ್ಚಿಯ ಕಲೂರಿನವನು, ನನ್ನನ್ನ ಚೇಚಿ, ಅಂದರೆ ಅಕ್ಕ, ಅಂತಾನೆ, ಮೇಣದ ಬಿಲ್ಲೆಯಿಂದ ಕೂದಲಿಗಿಂತ ತೆಳ್ಳಗೆ ಪದರ ಕತ್ತರಿಸಿ ಗಾಜಿನ ಮೇಲೆ ಕೂರಿಸೋ ನಿಪುಣ. ಪ್ರತಿ ಹೆಂಗಸಿನದ್ದೂ ಎರಡೆರಡು ಬಿಲ್ಲೆ, ಅಂದರೆ ಬ್ಲಾಕ್, ಇದೆ. ಒಂದು ಗೆಡ್ಡೆಯ ನಡುವಿನದು, ಇನ್ನೊಂದು ಅಂಚಿನದು, ಗೆಡ್ಡೆ ಮುಗಿದು ಒಳ್ಳೆಯ ಮಾಂಸ ಶುರುವಾಗೋ ಜಾಗ. ಅಂಚಿನದರಲ್ಲಿ ಬರೀ ಕೊಬ್ಬು. ಕತ್ತರಿಸೋಕೆ ಹೋದರೆ ಹರಿದು, ಸುಕ್ಕಾಗಿ, ನೀರಿನಲ್ಲಿ ತೇಲಿ ಹೋಗುತ್ತೆ.

"ಚೇಚಿ, ಅಂಚಿನ ಬ್ಲಾಕ್ ಬಿಡೋದು ಬೇಡ. ಹೊರಗೆ ನುಗ್ಗೋದು ಅಲ್ಲಿಂದಲೇ ಅಲ್ವಾ?"

"ಒಂದು ಬ್ಲಾಕಿಗೆ ಅರ್ಧ ದಿನ ಬೇಕು ನಿನಗೆ. ನೂರಾ ಹನ್ನೆರಡು ಅರ್ಧ ದಿನ ನೀನು ತಂದು ಕೊಡ್ತೀಯಾ?"

ಇನ್ನೇನೋ ಹೇಳೋಕೆ ಬಂದ, ನಾನು ಎದ್ದು ಹೋದೆ. ನಡುವಿನ ಬ್ಲಾಕ್ ಸಾಕು. ಎಲ್ಲರೂ ಅಷ್ಟೇ ಮಾಡೋದು.

ಜನವರಿ 22

ಸಹಿ ಹಾಕಿಸೋ ಕಾಗದ ಇತ್ತು ಅಂತ ಕೊಚ್ಚಿಗೆ ಹೋಗಿದ್ದೆ. ನಮ್ಮ ಪಟ್ಟಿಯ ನಲವತ್ತೇಳನೇ ನಂಬರ್, ಚಂದ್ರಾವತಿ ಟೀಚರ್. ಐವತ್ತೆಂಟು ವರ್ಷ. ಕಾಸರಗೋಡಿನ ಕನ್ನಡ ಶಾಲೆಯಲ್ಲಿ ಟೀಚರಾಗಿದ್ದು, ಈಗ ತ್ರಿಪ್ಪುಣಿತ್ತುರದಲ್ಲಿ ಮಗಳ ಫ್ಲ್ಯಾಟಿನಲ್ಲಿದ್ದಾರೆ. ಮೆಟ್ರೋ ಇಳಿದು ಹತ್ತು ನಿಮಿಷ ನಡಿಗೆ, ಬೆವರಿ ತೊಪ್ಪೆಯಾಗಿ ಹೋದೆ.

"ಅಯ್ಯೋ ಮಗಾ, ಫೋನಿನಲ್ಲಿ ದೊಡ್ಡ ಹೆಂಗಸಿನ ಹಾಗೆ ಮಾತಾಡ್ತೀಯಲ್ಲ, ನೋಡಿದ್ರೆ ಕಡ್ಡಿ! ಊಟ ಮಾಡಿಯೇ ಹೋಗ್ಬೇಕು ಆಯ್ತಾ."

ಮಗಳು ಶಾಲಿನಿ ಐಟಿ ಪಾರ್ಕಿನಲ್ಲಿ ಕೆಲಸಕ್ಕೆ ಹೋಗಿದ್ದರು. ಮೊಮ್ಮಗಳು ಅಪೂರ್ವಾ, ಎಂಟು ವರ್ಷ, ಬಾಗಿಲ ಸಂದಿಯಿಂದ ನೋಡ್ತಿದ್ದಳು. ಅಜ್ಜಿ ಕನ್ನಡದಲ್ಲಿ ಕೇಳಿದ್ದೆಲ್ಲ ಅರ್ಥ ಆಗುತ್ತೆ, ಉತ್ತರ ಮಾತ್ರ ಮಲಯಾಳ. "ದೋಸೆ ಹಾಕ್ಲಾ ಪುಟ್ಟಿ?" ಅಂದರೆ "ವೇಂಡ ಅಮ್ಮೂಮ್ಮ," ಬೇಡ ಅಜ್ಜಿ ಅಂತ. ಟೀಚರ್ ನನ್ನ ಕಡೆ ತಿರುಗಿ, "ನೋಡಿದೆಯಾ? ಮೂವತ್ತು ವರ್ಷ ಊರಿನ ಮಕ್ಕಳಿಗೆಲ್ಲ ಕನ್ನಡ ಕಲಿಸಿದೆ. ನನ್ನ ಮನೆಯ ಮಗುವಿಗೆ ಒಂದಕ್ಷರ ಓದ್ಲಿಕ್ಕೆ ಬರೂದಿಲ್ಲ" ಅಂತ ನಕ್ಕರು.

ಹಾಲಿನ ಗೋಡೆಗೆ ಮಂಗಳೂರಿನ ಕ್ಯಾಲೆಂಡರ್. ಅದರಲ್ಲಿ ಕೆಂಪು ಪೆನ್ನಿನಲ್ಲಿ ದಿನಾ ಒಂದೊಂದು ಸಾಲು. 'ಗ್ಯಾಸ್ ಬಂತು.' 'ಅಪೂರ್ವಾಳಿಗೆ ಜ್ವರ.' ಇವತ್ತಿನ ತಾರೀಖಿನ ಚೌಕದಲ್ಲಿ ಆಗಲೇ ಬರೆದಿತ್ತು: 'ತುಂಗಾ ಬರ್ತಾಳೆ.' ಅದನ್ನೇ ಎರಡು ಸಲ ಓದಿದೆ.

ನನ್ನ ಕೆಲಸ ಏನು ಅಂತ ಕೇಳಿದರು, ಹೇಳಿದೆ. ತಕ್ಷಣ ಅಂದರು: "ಹಲಸಿನ ಹಣ್ಣಿನ ಹಾಗೆ ಅಂತ ಹೇಳು. ತೊಳೆ ಅಂದ್ರೆ ಜೀವಕೋಶ, ಸುತ್ತಲಿನ ನಾರೂ ಮೇಣವೂ ನಿನ್ನ ಮ್ಯಾಟ್ರಿಕ್ಸು. ಅಲ್ವಾ? ನನ್ನದರಲ್ಲಿ ನಾರು ಜಾಸ್ತಿಯಾ ಕಮ್ಮಿಯಾ?" ಹೇಳೋ ಹಾಗಿಲ್ಲ, ಆದರೂ ಹೇಳಿಬಿಟ್ಟೆ, ಕಮ್ಮಿ ಅಂತ. ಸೊನ್ನೆ ಅಂಕ. ಸ್ವಚ್ಛ. ಟೀಚರ್ ನನ್ನ ಎರಡೂ ಕೈ ಹಿಡ್ಕೊಂಡು ಕಣ್ಣಿಗೊತ್ತಿಕೊಂಡರು.

ಕೊದ್ದೆಲ್ ಅಂತ ಅವರ ಊರ ಕಡೆಯ ಹುಳಿ ಮಾಡಿದ್ದರು. ಎರಡು ಸಲ ಹಾಕಿಸ್ಕೊಂಡೆ. ನನಗೆ ಇಲ್ಲಿ ಯಾರೋ ಇದ್ದಾರೆ ಅನ್ನಿಸಿತು.

ಫೆಬ್ರವರಿ 3

ಬಂತು! ಎಲ್ಲ ಅಂಕ ಹಾಕಿ ಲೆಕ್ಕಕ್ಕೆ ಕೊಟ್ಟೆ. ಪರದೆ ಮೇಲೆ ಎರಡು ಗೆರೆ, ವರ್ಷ ಕಳೆದ ಹಾಗೆ ಕ್ಯಾನ್ಸರ್ ತಿರುಗಿ ಬರದೆ ಉಳಿದವರ ಲೆಕ್ಕ. ಕಂದು ಜಾಸ್ತಿ ಇದ್ದವರದು ಮೆಟ್ಟಿಲಿಳಿದ ಹಾಗೆ ಕೆಳಗೆ, ಕಮ್ಮಿ ಇದ್ದವರದು ಮೇಲೆ ನೆಟ್ಟಗೆ. ನಡುವೆ ಅಂತರ ಇದೆ, ಒಪ್ಪೋ ಅಷ್ಟು ಇದೆ. ಕೂದಲೆಳೆ ಮೇಲೆ ನಿಂತಿದೆ, ಆದರೂ ನಿಂತಿದೆ.

ಮೇಡಂ ಬೆನ್ನು ತಟ್ಟಲಿಲ್ಲ, ಅವರಿಗೆ ಕೈ ನೋಯುತ್ತೆ. "ಮಾರ್ಚ್ ಮೂವತ್ತೊಂದಕ್ಕೆ ಡೇಟಾ ಮುಚ್ಚೋಣ. ಆಮೇಲೆ ಆಗೋದು ಲೆಕ್ಕಕ್ಕಿಲ್ಲ. ಅಷ್ಟರೊಳಗೆ ಕಮ್ಮಿ ಗುಂಪಿನಲ್ಲಿ ಇನ್ನೊಬ್ಬರಿಗೆ ತಿರುಗಿ ಬಂದರೂ ನಿನ್ನ ಗೆರೆಗಳು ಅಂಟಿಕೊಂಡು ಬಿಡ್ತವೆ, ನೋಡಿಕೋ" ಅಂದರು.

ನೋಡಿಕೋ ಅಂದರೆ ಏನು ನೋಡಿಕೊಳ್ಳೋದು? ಯಾರಿಗೂ ಬರದ ಹಾಗೆ ದೇವರಿಗೆ ಕೈ ಮುಗಿದೆ. ಒಳ್ಳೆಯದನ್ನೇ ಬೇಡಿಕೊಂಡೆ ತಾನೇ.

ಫೆಬ್ರವರಿ 12

ಲ್ಯಾಬಿನಲ್ಲಿದ್ದಾಗ ಟೀಚರ್ ಫೋನ್. ಸುಮ್ಮನೆ ಮಾತಾಡೋಕೆ ಮಾಡಿದ್ದು ಅಂದರು. ಹವೆ ಆಯ್ತು, ಅಪೂರ್ವಾಳ ಪರೀಕ್ಷೆ ಆಯ್ತು. ಆಮೇಲೆ, "ಒಂದು ಕೇಳ್ಲಾ ಮಗಾ? ನಾಲ್ಕು ದಿನ ಆಯ್ತು, ಸೊಂಟ ಹಿಡ್ದ ಹಾಗೆ ಆಗ್ತದೆ. ಕೂತ್ರೆ ಅಷ್ಟಿಲ್ಲ. ಮಲಗಿದ್ರೆ ಜೋರು."

ಮಲಗಿದ್ರೆ ಜೋರು.

ಮುದುಕರ ಸೊಂಟನೋವು ಮಲಗಿದರೆ ಕಮ್ಮಿಯಾಗುತ್ತೆ. ಮಲಗಿದರೆ ಜಾಸ್ತಿಯಾಗೋದು ಬೇರೆ. ಸ್ತನದ ಕ್ಯಾನ್ಸರ್ ತಿರುಗಿ ಬರೋದಾದರೆ ಮೊದಲು ಹುಡುಕೋದು ಮೂಳೆಯನ್ನ, ಅದರಲ್ಲೂ ಬೆನ್ನುಮೂಳೆಯನ್ನ. ನನ್ನ ಥೀಸಿಸ್ಸಿನ ಮೊದಲನೇ ಅಧ್ಯಾಯದಲ್ಲಿ ನಾನೇ ಬರೆದಿದ್ದೀನಿ.

"ಆಸ್ಪತ್ರೆಗೆ ತೋರಿಸ್ಬೇಕಾ?" ಅಂದರು.

"ನೆಲ ಒರೆಸಿದ್ರಾ ಟೀಚರ್?" ಅಂತ ಕೇಳಿದೆ. ಹೌದಂತೆ, ಕೆಲಸದವಳು ರಜೆಯಂತೆ. "ಅದಕ್ಕೇ ಇರುತ್ತೆ. ಎಣ್ಣೆ ಹಚ್ಚಿ ನೋಡಿ."

"ನೀನು ಹೇಳಿದ್ದು ಸಮಾಧಾನ ಆಯ್ತು" ಅಂದರು.

ಥೂ. ನಾನು ಯಾಕೆ ಹಾಗಂದೆ? ನಾಳೆ ಬೆಳಿಗ್ಗೆ ಫೋನ್ ಮಾಡಿ ಹೋಗಿ ತೋರಿಸಿ ಅಂತ ಹೇಳ್ತೀನಿ.

ಫೆಬ್ರವರಿ 13

ಇವತ್ತು ಮೈಕ್ರೋಸ್ಕೋಪಿನ ಸರದಿ ನನ್ನದಿತ್ತು. ಆಗಲಿಲ್ಲ. ನಾಳೆ.

ಫೆಬ್ರವರಿ 17

ಯೋಚನೆ ಮಾಡಿದೆ. ನಾನು ಡಾಕ್ಟರಲ್ಲ. ವೈದ್ಯಕೀಯ ಸಲಹೆ ಕೊಡಬಾರದು ಅಂತ ಫೋನಿನ ನಿಯಮಾವಳಿಯಲ್ಲೇ ಇದೆ, ಮೂರನೇ ಪುಟ. ಸ್ಕ್ಯಾನ್ ಮಾಡಿಸಿ ಅಂದರೆ ಅದೂ ಸಲಹೆಯೇ. ಪಾಪ, ಸುಮ್ಮನೆ ಹೆದರಿ ಸಾಯ್ತಾರೆ.

ಅಲ್ಲದೆ ಅವರ ಅಂಕ ಸೊನ್ನೆ. ಅವರಿಗೆ ಬರಲ್ಲ. ನನ್ನ ಕೆಲಸ ನಾನೇ ನಂಬದಿದ್ದರೆ ಇನ್ಯಾರು ನಂಬ್ತಾರೆ?

ಮಾರ್ಚ್ 14

ಮೂರು ತಿಂಗಳ ಫೋನಿನ ದಿನ. ಕಾಸರಗೋಡಿನ ಒಂಬತ್ತೂ ಜನಕ್ಕೆ ಮಾಡಿದೆ. ಎಂಟು ಮನೆ ಬೇಗ ಮುಗೀತು. ಟೀಚರ್ ನಂಬರ್ ಕೊನೆಗಿಟ್ಟಿದ್ದೆ.

"ಎಣ್ಣೆ ಹಚ್ಚಿ ಹಚ್ಚಿ ಹಾಸಿಗೆ ಎಲ್ಲ ಎಣ್ಣೆ ಆಯ್ತು ಮಾರಾಯ್ತಿ" ಅಂತ ನಕ್ಕರು. ಈಗ ಕೂತೇ ನಿದ್ದೆ ಮಾಡ್ತಾರಂತೆ, ಕುರ್ಚಿಯಲ್ಲಿ. ಬಲಗಾಲಿನಲ್ಲಿ ಜೋಮು ಹಿಡಿಯುತ್ತಂತೆ.

ನಾಲ್ಕನೇ ಪ್ರಶ್ನೆ: ಹೊಸದಾಗಿ ನೋವು, ಜೋಮು, ಉಸಿರಾಟದ ತೊಂದರೆ ಏನಾದರೂ ಇದೆಯೇ? ಹೌದು, ಇಲ್ಲ. ಹೌದು ಅಂತ ಗುರುತು ಹಾಕಿದರೆ ಆ ಫಾರಂ ಅವತ್ತೇ ಆಸ್ಪತ್ರೆಗೆ ಹೋಗುತ್ತೆ, ಅವರು ಕರೆಸ್ತಾರೆ, ಸ್ಕ್ಯಾನ್ ಆಗುತ್ತೆ. ಡೇಟಾ ಮುಚ್ಚೋಕೆ ಹದಿನೇಳು ದಿನ ಬಾಕಿ.

ಇಲ್ಲ ಅಂತ ಹಾಕಿದೆ. ಜೋಮು ಎಲ್ಲರಿಗೂ ಹಿಡಿಯುತ್ತೆ, ನನಗೂ ಸ್ಟೂಲ್ ಮೇಲೆ ಕೂತು ಕೂತು ಹಿಡಿಯುತ್ತೆ. ಹೇಗೂ ಏಪ್ರಿಲ್ ಒಂಬತ್ತಕ್ಕೆ ಅವರ ವರ್ಷದ ಚೆಕಪ್ ಇದೆ, ಎಲ್ಲ ಅಲ್ಲೇ ಗೊತ್ತಾಗುತ್ತೆ. ಹಾಗಂತಲೇ ಹೇಳಿದೆ. "ಹೌದು, ಹೇಗೂ ಹೋಗ್ಲಿಕ್ಕುಂಟಲ್ಲ, ಎರಡು ಸಲ ಯಾಕೆ ಶಾಲಿನಿಗೆ ರಜೆ ಹಾಕಿಸೂದು" ಅಂದರು. ಅರ್ಥ ಮಾಡ್ಕೊಳ್ಳೋ ಹೆಂಗಸು.

ಮಾರ್ಚ್ 23

ಶಾಲಿನಿ ಫೋನ್ ಮಾಡಿದ್ದರು, ಮೊದಲ ಸಲ. ಆಫೀಸಿನ ಮೆಟ್ಟಿಲ ಮೇಲೆ ನಿಂತು ಮಾತಾಡ್ತಿರಬೇಕು, ದನಿ ಗೋಡೆಗೆ ಬಡಿದು ಬರ್ತಿತ್ತು.

"ತುಂಗಾ, ಅಮ್ಮ ಗೋಡೆ ಹಿಡ್ಕೊಂಡು ನಡೀತಿದ್ದಾರೆ. ಇವತ್ತೇ ಆಸ್ಪತ್ರೆಗೆ ಹೋಗುವ ಅಂದ್ರೆ ಬೇಡ ಅಂತಾರೆ. ತುಂಗಾ ಎಂತದೂ ಇಲ್ಲ ಅಂದಿದ್ದಾಳೆ, ನಿನಗೆ ಅವಳಿಗಿಂತ ಗೊತ್ತುಂಟಾ ಅಂತ ನನಗೇ ಜೋರು ಮಾಡ್ತಾರೆ. ನೀವೊಂದು ಮಾತು ಹೇಳಿ. ನಿಮ್ಮ ಮಾತು ಕೇಳ್ತಾರೆ."

ನನಗೆ ಒಳಗೊಳಗೇ ಉರಿದು ಹೋಯ್ತು. ಮಗಳು ಅವಳು, ಎತ್ತಿ ಆಟೋದಲ್ಲಿ ಹಾಕಿಕೊಂಡು ಹೋಗೋಕೇನು? ಎಲ್ಲಾ ನನ್ನ ತಲೆಗೇ ಕಟ್ಟಬೇಕಾ? ತಾಯಿಗಿಂತ ಲ್ಯಾಪ್‌ಟಾಪ್ ಹೆಚ್ಚಾಗಿರೋರು ನನಗೆ ಹೇಳೋಕೆ ಬರ್ತಾರೆ.

"ಇನ್ನು ಎರಡು ವಾರಕ್ಕೆ ಚೆಕಪ್ ಇದೆಯಲ್ಲ ಶಾಲಿನಿ ಅಕ್ಕ. ಈಗ ಎಮರ್ಜೆನ್ಸಿಗೆ ಹೋದರೆ ಗುರುತಿಲ್ಲದ ಯಾರೋ ನೋಡಿ ಮಾತ್ರೆ ಕೊಟ್ಟು ಕಳಿಸ್ತಾರೆ. ಅವತ್ತೇ ಅವರ ಡಾಕ್ಟರೇ ನೋಡಲಿ" ಅಂದೆ. ಎಷ್ಟು ಸಲೀಸಾಗಿ ಬಂತು ಮಾತು! ಅವರೂ ಒಪ್ಪಿದರು. ಥ್ಯಾಂಕ್ಸ್ ಅಂದರು.

ಎಂಟು ದಿನ.

ಮಾರ್ಚ್ 31

ಮುಚ್ಚಿದೆವು. ಸಂಜೆ ನಾಲ್ಕಕ್ಕೆ ಮೇಡಂ ಎದುರೇ ಫೈಲಿಗೆ ಬೀಗ ಬಿತ್ತು. ನಲವತ್ತೇಳು: ಕಮ್ಮಿ ಗುಂಪು, ಆರೋಗ್ಯವಾಗಿದ್ದಾರೆ. ಗೆರೆಗಳು ಅಂತರ ಬಿಟ್ಟೇ ನಿಂತಿವೆ.

ಮೇಡಂ ಎಲ್ಲರಿಗೂ ಪಾಲಡ ಪಾಯಸ ತರಿಸಿದರು. ಐದೂವರೆ ವರ್ಷದಲ್ಲಿ ಮೊದಲ ಸಲ. ಮೂರು ಲೋಟ ಕುಡಿದೆ. ಅಲ್ವಿನ್ ಯಾಕೋ ಒಂದು ಮೂಲೆಯಲ್ಲಿ ಕೂತಿದ್ದ, ಅವನಿಗೆ ಯಾವಾಗಲೂ ಹೊಟ್ಟೆಕಿಚ್ಚು.

ಇವತ್ತೇ ಟೀಚರಿಗೆ ಹೇಳಬಹುದಿತ್ತು, ನಾಳೆಯೇ ಹೋಗಿ ಅಂತ. ಪಾಯಸದ ಗಲಾಟೆಯಲ್ಲಿ ಮರೆತೇ ಹೋಯ್ತು.

ಏಪ್ರಿಲ್ 5

ಟೀಚರ್ ನಿನ್ನೆ ಬಚ್ಚಲುಮನೆಯಲ್ಲಿ ಬಿದ್ದರಂತೆ. ಜಾರಿ ಬಿದ್ದಿದ್ದಲ್ಲ, ಎರಡೂ ಕಾಲು ಒಮ್ಮೆಲೇ ಇಲ್ಲದ ಹಾಗಾಯ್ತಂತೆ. ಶಾಲಿನಿ ಬರೀ ಅಳ್ತಿದ್ದರು. ಬೆನ್ನುಮೂಳೆಯ ಮೂರು ಕಡೆ ಕ್ಯಾನ್ಸರ್ ಬಂದಿದೆ. ಒಳಗಿನ ನರದ ಹುರಿ ಒತ್ತಿಹೋಗಿದೆ. ರೇಡಿಯೇಷನ್ ಶುರು ಮಾಡಿದ್ದಾರೆ, ಕಾಲು ಬರೋದು ಕಷ್ಟವಂತೆ. "ಎರಡು ವಾರ ಮೊದ್ಲು ಬಂದಿದ್ರೆ ನಡೆಸಬಹುದಿತ್ತು ಅಂತ ಡಾಕ್ಟ್ರು ಹೇಳಿದ್ರು ತುಂಗಾ" ಅಂದರು.

ಡಾಕ್ಟರುಗಳು ಹಾಗೆಲ್ಲ ಹೇಳಲೇಬಾರದು. ಮನೆಯವರಿಗೆ ಎಷ್ಟು ನೋವಾಗುತ್ತೆ ಅನ್ನೋ ಪರಿಜ್ಞಾನ ಬೇಡವಾ?

ಊಟ ಸೇರಲಿಲ್ಲ. ಬೆಳಿಗ್ಗೆಯ ಪುಟ್ಟು ಸರಿ ಬೆಂದಿರಲಿಲ್ಲ, ಅದಕ್ಕೇ ಇರಬೇಕು.

ಏಪ್ರಿಲ್ 13

ವಿಷು ರಜೆಗೆ ಎಲ್ಲರೂ ಊರಿಗೆ ಹೊರಟರು. ನಾನು ಕೊಚ್ಚಿಗೆ ಹೋಗಿ ಆಸ್ಪತ್ರೆಯಲ್ಲಿ ಟೀಚರನ್ನ ನೋಡಿ ಬಂದೆ. ಹೋಗದಿದ್ದರೆ ಚೆನ್ನಾಗಿರಲ್ಲ.

ಸಣ್ಣಗಾಗಿದ್ದಾರೆ. ಹೊದಿಕೆ ಕೆಳಗೆ ಕಾಲು ಎಲ್ಲಿದೆ ಅಂತ ಅವರಿಗೇ ಗೊತ್ತಾಗಲ್ಲವಂತೆ. ನಾನು ಮಂಚದ ತುದಿಗೆ ಕೂತಾಗ ಅವರ ಪಾದದ ಮೇಲೆಯೇ ಕೂತುಬಿಟ್ಟಿದ್ದೆ. ಅವರಿಗೂ ತಿಳೀಲಿಲ್ಲ. ನರ್ಸ್ ಬಂದು ಬೈದ ಮೇಲೆ ಎದ್ದೆ. ಟೀಚರ್ ನಕ್ಕು ನರ್ಸಿಗೇ ಹೇಳಿದರು, "ಅವಳಿಗೆ ಬೈಬೇಡಿ. ನನ್ನ ಮಗಳ ಹಾಗೆ ಅವಳು."

ನನ್ನ ಕೈ ಸವರಿ ಹೇಳಿದರು: "ಒಂದು ಮಾತು ಹೇಳ್ತೇನೆ ಮಗಾ. ನೀನು ಧೈರ್ಯ ಹೇಳದಿದ್ರೆ ಆ ಎರಡು ತಿಂಗಳೂ ನಾನು ಹೆದರಿಕೊಂಡೇ ಕಳೀತಿದ್ದೆ. ಅಪೂರ್ವಾಳ ಶಾಲೆಯ ಡ್ಯಾನ್ಸಿಗೆ ಹೋದೆ, ಗೊತ್ತುಂಟಾ? ಗೋಡೆ ಹಿಡ್ಕೊಂಡಾದ್ರೂ ಹೋದೆ. ಅದು ನೀನು ಕೊಟ್ಟದ್ದು."

ಶಾಲಿನಿ ಕಿಟಕಿ ಕಡೆ ಮುಖ ಮಾಡಿ ನಿಂತಿದ್ದರು. ಅಷ್ಟು ದೂರದಿಂದ ಬಂದವರಿಗೆ ಒಂದು ಲೋಟ ನೀರು ಬೇಕಾ ಅಂತ ಕೂಡ ಕೇಳಲಿಲ್ಲ.

ಟೀಚರ್ ಹೇಳಿದ್ದು ನಿಜ ಅಲ್ವಾ? ಎರಡು ತಿಂಗಳು ನೆಮ್ಮದಿಯಾಗಿದ್ದರು. ಮೊದಲೇ ಗೊತ್ತಾಗಿದ್ದರೂ ಕ್ಯಾನ್ಸರ್ ವಾಪಸ್ ಹೋಗ್ತಿತ್ತಾ?

ಏಪ್ರಿಲ್ 16

ಪೇಪರ್ ಕಳಿಸಿದೆ.

ಜೂನ್ 19

ಪತ್ರಿಕೆಯವರ ಉತ್ತರ ಬಂತು. ತಿರಸ್ಕಾರ ಅಲ್ಲ, ತಿದ್ದಿ ಕಳಿಸಿ ಅಂತ. ಇಬ್ಬರು ಪರೀಕ್ಷಕರಲ್ಲಿ ಒಬ್ಬ ಒಳ್ಳೆಯವನು. ಇನ್ನೊಬ್ಬನ ವಂಶ ಹಾಳಾಗ: "ಗೆಡ್ಡೆಯ ನಡುವಿನ ಭಾಗ ಮಾತ್ರ ನೋಡಿರುವುದು ಏಕೆ? ಕೋಶಗಳು ಹೊರಗೆ ನುಗ್ಗುವುದು ಅಂಚಿನಿಂದ. ಅಂಚಿನ ಟೆನಾಸಿನ್ ಅಂಕ ಕೊಡಿ. ಜೊತೆಗೆ ಜೂನ್ ಕೊನೆಯವರೆಗಿನ ರೋಗಿಗಳ ಸ್ಥಿತಿಯನ್ನೂ ಸೇರಿಸಿ."

ಜೂನ್ ಕೊನೆ ಅಂದರೆ ಟೀಚರೂ ಲೆಕ್ಕಕ್ಕೆ ಬರ್ತಾರೆ. ಕಮ್ಮಿ ಗುಂಪಿನಲ್ಲಿ, ತಿರುಗಿ ಬಂದವರಾಗಿ. ಗೆರೆಗಳು ಅಂಟಿಕೊಳ್ತವೆ. ಅಷ್ಟೆಲ್ಲ ಮಾಡಿದ್ದು ನೀರಿಗೆ ಹೋಯ್ತು.

ಅಲ್ವಿನ್ ಪದರ ಕತ್ತರಿಸೋ ಮೈಕ್ರೋಟೋಮಿನ ಬ್ಲೇಡ್ ಬದಲಿಸಿ, ಐಸ್ ತಂದು, ಅಂಚಿನ ಬ್ಲಾಕುಗಳ ಡಬ್ಬಿ ತೆಗೆದ. ಐಸಿನ ಮೇಲೆ ತುಂಬಾ ಹೊತ್ತು ಇಟ್ಟರೆ ಕೊಬ್ಬು ಹರಿಯಲ್ಲವಂತೆ. ಜನವರಿಯಲ್ಲೇ ಗೊತ್ತಿತ್ತಂತೆ. "ಆಗ ಹೇಳೋಕೆ ನಿನಗೇನಾಗಿತ್ತು ರೋಗ?" ಅಂದೆ. "ಹೇಳೋಕೆ ಬಂದೆ ಚೇಚಿ" ಅಂದ.

ಜುಲೈ 8

ಇದನ್ನ ನಿಧಾನಕ್ಕೆ ಬರೀಬೇಕು.

ಇಪ್ಪತ್ತು ದಿನ, ನಾವಿಬ್ಬರೂ ಊಟ ನಿದ್ದೆ ಬಿಟ್ಟು ಕತ್ತರಿಸಿ, ಬಣ್ಣ ಹಾಕಿ, ಇವತ್ತು ಕೊನೆಗುಳಿದಿದ್ದ ನಲವತ್ತೇಳರ ಅಂಚಿನ ಗಾಜು ಮೈಕ್ರೋಸ್ಕೋಪಿನ ಕೆಳಗಿಟ್ಟೆ. ಕಂದು. ಎಲ್ಲ ಕಂದು. ಗೆಡ್ಡೆಯ ಅಂಚಿನುದ್ದಕ್ಕೂ ದಪ್ಪ ನಾರಿನ ಹಾಗೆ ಟೆನಾಸಿನ್, ಅದರ ಮೇಲೆ ಸಾಲುಗಟ್ಟಿ ಕೊಬ್ಬಿನೊಳಗೆ ಇಳೀತಿರೋ ಕೋಶಗಳು. ಮೂರು ಅಂಕ. ನಾಲ್ಕು ಇದ್ದಿದ್ದರೆ ನಾಲ್ಕು ಕೊಡ್ತಿದ್ದೆ. ನಡುವಿನದು ಸ್ವಚ್ಛ, ಅಂಚು ಪೂರ್ತಿ ಕಂದು. ಐದು ವರ್ಷದಿಂದ ಆ ಬ್ಲಾಕ್ ನನ್ನ ಸ್ಟೂಲಿನಿಂದ ಕೈಗೆಟಕೋ ಹಾಗೆ ಡಬ್ಬಿಯಲ್ಲಿ ಕೂತಿತ್ತು.

ಅಂದರೆ ಟೀಚರ್ ಕಮ್ಮಿ ಗುಂಪಿನವರು ಅಲ್ಲವೇ ಅಲ್ಲ. ಜಾಸ್ತಿ ಗುಂಪು. ಅವರಿಗೆ ತಿರುಗಿ ಬಂದೇ ಬರಬೇಕಿತ್ತು. ಫೆಬ್ರವರಿಯಲ್ಲಿ ಬಂದರೂ, ಮಾರ್ಚಿನಲ್ಲಿ ಬಂದರೂ ನನ್ನ ಲೆಕ್ಕ ಕೆಡ್ತಿರಲಿಲ್ಲ, ಇನ್ನೂ ಗಟ್ಟಿಯಾಗ್ತಿತ್ತು. ಅಂಚಿನ ಅಂಕ ಹಾಕಿ ಗೆರೆ ಎಳೆದರೆ ನಡುವೆ ಲಾರಿ ಹೋಗೋ ಅಷ್ಟು ಜಾಗ!

ಅಲ್ವಿನ್ ಕಣ್ಣಿಟ್ಟು ನೋಡಿದ. ಗಾಜಿನ ಮೇಲಿನ ನಂಬರ್ ಇನ್ನೊಮ್ಮೆ ಓದಿದ. "ಇವರು ಆ ಟೀಚರ್ ಅಲ್ವಾ ಚೇಚಿ? ಫೆಬ್ರವರಿಯಲ್ಲಿ ಸೊಂಟನೋವು ಅಂತ ಫೋನ್ ಮಾಡಿದ್ದೋರು?"

ಅವತ್ತು ನಾನು ಮಾತಾಡಿದ್ದು ಕನ್ನಡದಲ್ಲಿ. ಇವನಿಗೆ ಹೇಗೆ ಗೊತ್ತಾಯ್ತು? ಐದು ವರ್ಷ ಪಕ್ಕದಲ್ಲಿ ಕೂತು ಕನ್ನಡ ಕಲಿತುಬಿಟ್ಟಿದ್ದಾನಾ ಬಡ್ಡಿಮಗ? "ಅವರು ಬೇರೆ" ಅಂದೆ.

ಮನಸ್ಸು ಹಗುರ ಆಯ್ತು. ನನ್ನ ಸಿದ್ಧಾಂತ ಮೊದಲಿಂದಲೂ ಸರಿಯೇ ಇತ್ತು.

ಜುಲೈ 13, ರೈಲಿನಲ್ಲಿ

ಒಂದು ಕಾಗದ ಬಾಕಿ ಇತ್ತು. ತಿರುಗಿ ಬಂದವರಿಗೆ ಬೇರೆ ಫಾರಂ. ಮೊದಲ ರೋಗಲಕ್ಷಣ ಕಂಡ ದಿನಾಂಕ, ರೋಗಿಯ ಸಹಿ. ಮಾರ್ಚ್ ಹದಿನಾಲ್ಕರ ಫಾರಂನಲ್ಲಿ ನೋವಿಲ್ಲ ಅಂತ ನನ್ನದೇ ಕೈಬರಹ ಇದೆ, ಅದಕ್ಕೆ ಇದು ಹೊಂದಬೇಕು. ಶಾಲಿನಿ ಆಫೀಸಿನಲ್ಲಿರೋ ಹೊತ್ತು ನೋಡಿ ಹೋದೆ. ಅಪೂರ್ವಾ ಬಾಗಿಲು ತೆಗೆದಳು, ನೋಡಿಕೊಳ್ಳೋ ಹೆಂಗಸು ಅಡುಗೆಮನೆಯಲ್ಲಿದ್ದಳು.

ಟೀಚರ್ ಒಳಕೋಣೆಯಲ್ಲಿ, ಮಂಚದ ಮೇಲೆ. ಮುಖ ಅರಳಿತು. "ಊರಿಂದ ಹಲಸಿನ ಹಪ್ಪಳ ಕಳಿಸಿದ್ದಾರೆ, ನಿನಗೆ ಅಂತಲೇ ಎತ್ತಿಟ್ಟಿದ್ದೇನೆ" ಅಂದರು. ಅಂಚಿನ ವಿಷಯವನ್ನೂ ಹೇಳಿದೆ, ಖುಷಿ ತಡೆಯೋಕಾಗಲಿಲ್ಲ. ನಿಮ್ಮ ಒಂದು ಗಾಜಿನಿಂದ ನನ್ನ ಪೇಪರ್ ನಿಂತಿತು, ನಿಮ್ಮದೇ ಚಿತ್ರ ಹಾಕ್ತಿದ್ದೀವಿ ಅಂದೆ. "ನನ್ನದರಲ್ಲಿ ನಾರು ಜಾಸ್ತಿಯೇ ಇತ್ತಾ ಹಾಗಾದ್ರೆ?" ಅಂದರು. "ಆಗಲಿ. ಯಾರಿಗಾದ್ರೂ ಉಪಕಾರ ಆದ್ರೆ ಆಯ್ತು."

ಫಾರಂ ತೆಗೆದೆ. "ಲಕ್ಷಣ ಶುರುವಾಗಿದ್ದು ಏಪ್ರಿಲ್ ನಾಲ್ಕು, ಬಿದ್ದ ದಿನ. ಅಲ್ವಾ ಟೀಚರ್?"

"ಇಲ್ಲ ಮಗಾ. ಸೊಂಟನೋವು ಶುರುವಾದ್ದು ಫೆಬ್ರವರಿಯಲ್ಲಿ ಅಲ್ವಾ? ನಿನಗೆ ಫೋನ್ ಮಾಡಿದ್ದೆ."

"ಅದು ನೆಲ ಒರೆಸಿದ ನೋವು. ಎರಡು ದಿನಕ್ಕೆ ಹೋಯ್ತು ಅಂದಿದ್ದಿರಿ."

"ಹಾಗಂದೆನಾ?" ಹುಬ್ಬು ಗಂಟು ಹಾಕಿದರು. "ಕ್ಯಾಲೆಂಡರಿನಲ್ಲಿ ಬರ್ದಿಟ್ಟಿದ್ದೇನೆ. ಪುಟ್ಟಿ, ಫೆಬ್ರವರಿಯ ಹಾಳೆಯಲ್ಲಿ ಎಂತ ಉಂಟು ನೋಡು."

ಅಪೂರ್ವಾ ಹಾಲಿಗೆ ಓಡಿ, ಹಾಳೆ ಎತ್ತಿ, ಅಲ್ಲಿಂದಲೇ ಕೂಗಿದಳು. "ಎನಿಕ್ಕು ವಾಯಿಕ್ಕಾನ್ ಅರಿಯಿಲ್ಲ ಅಮ್ಮೂಮ್ಮ!" ಓದೋಕೆ ಬರಲ್ಲ ಅಂತ.

"ನೀನೇ ನೋಡು ಮಗಾ" ಅಂದರು ಟೀಚರ್. ಅವರ ಮಂಚದಿಂದ ಕ್ಯಾಲೆಂಡರಿಗೆ ಆರು ಹೆಜ್ಜೆ.

ಹೋಗಿ ನೋಡಿದೆ. ಕೆಂಪು ಪೆನ್ನು, ಶಾಲೆಯ ಬೋರ್ಡಿನ ಮೇಲೆ ಬರೆದ ಹಾಗೆ ದುಂಡಗೆ. ಫೆಬ್ರವರಿ 8: 'ಸೊಂಟ ನೋವು ಶುರು.' 12: 'ತುಂಗಾಳಿಗೆ ಹೇಳಿದೆ. ಹೆದರಲಿಕ್ಕಿಲ್ಲ ಅಂದಳು.' ಮಾರ್ಚ್ 14: 'ಕಾಲು ಜೋಮು. ತುಂಗಾ ಫೋನ್.' 23: 'ಶಾಲಿನಿಗೆ ಬೈದೆ. ಪಾಪ.' ಅಪೂರ್ವಾ ನನ್ನ ಮುಖವನ್ನೇ ನೋಡ್ತಿದ್ದಳು.

ಒಳಗೆ ಬಂದು, "ಏನೂ ಬರೆದಿಲ್ಲ ಟೀಚರ್" ಅಂದೆ.

"ಇಲ್ವಾ?"

"ಗ್ಯಾಸ್ ಬಂದಿದ್ದು ಬರೆದಿದ್ದೀರಿ. ಅಷ್ಟೇ."

ಟೀಚರ್ ಬಾಗಿಲ ಕಡೆ ತಿರುಗಿದರು. ಕತ್ತು ಎತ್ತಿದರೂ ಅಲ್ಲಿಂದ ಕ್ಯಾಲೆಂಡರ್ ಕಾಣಲ್ಲ. "ಕಾಲು ಹೋಯ್ತು ಅಂತ ಬೇಜಾರಿರ್ಲಿಲ್ಲ ಮಗಾ. ಈಗ ತಲೆಯೂ ಹೋಗ್ತಾ ಉಂಟು ನೋಡು" ಅಂದರು. ಮೊದಲ ಸಲ ಅವರು ಅತ್ತಿದ್ದು ನೋಡಿದೆ. ಸಹಿ ಹಾಕಿಸಿಕೊಂಡೆ. ಕನ್ನಡದಲ್ಲೇ ಹಾಕಿದರು.

ಹೊರಡುವಾಗ ಹಪ್ಪಳದ ಕಟ್ಟು ಕೊಟ್ಟು, "ಸುತ್ತಿಕೊಳ್ಳಲಿಕ್ಕೆ ಎಂತಾದ್ರೂ ಕಾಗದ ತಗೋ" ಅಂದರು. ಕ್ಯಾಲೆಂಡರಿನಿಂದ ಫೆಬ್ರವರಿ ಮತ್ತು ಮಾರ್ಚ್ ಹಾಳೆ ಹರಿದುಕೊಂಡೆ. ಕಳೆದ ತಿಂಗಳುಗಳು, ಯಾರಿಗೆ ಬೇಕು.

ಜನ ಕಮ್ಮಿ, ಕಿಟಕಿ ಪಕ್ಕ ಸೀಟು ಸಿಕ್ಕಿದೆ. ಫಾರಂ ಇನ್ನೊಮ್ಮೆ ನೋಡಿದೆ, ಎಲ್ಲ ಸರಿಯಾಗಿದೆ. ಟೀಚರಿಗೆ ನೋವು ಶುರುವಾಗಿದ್ದು ಏಪ್ರಿಲ್ ನಾಲ್ಕಕ್ಕೆ. ಹಪ್ಪಳ ನಾಳೆ ಲ್ಯಾಬಿಗೆ ಒಯ್ಯಬೇಕು, ಸುತ್ತಿದ ಕಾಗದ ಮಾತ್ರ ಅಲ್ವಿನ್ ಕಣ್ಣಿಗೆ ಬೀಳೋ ಮೊದಲು ತೆಗೆದುಬಿಡಬೇಕು.